ನನ್ನ ಹೆಸರಿಲ್ಲದ ಅರ್ಜಿ

ಶಿಸ್ತು ಅಂದ್ರ ನನಗ ಭಾಳ ಪ್ರೀತಿ. ಮನ್ಯಾಗ ಅದು ನಡಿಯೂದಿಲ್ಲ, ಅದಕ್ಕ ಕಂಪ್ಯೂಟರಿಗೆ ಕಲಿಸಾಕ ಹೋದೆ!

ಕುಷ್ಟಗ್ಯಾಗ ನಂದೊಂದು ಸಣ್ಣ ಕಂಪ್ಯೂಟರ್ ಸೆಂಟರ್ ಇತ್ತು. ಹೊಲಿಗಿ ತರಬೇತಿಗೆ ಸೇರೋ ಹೆಣ್ಮಕ್ಕಳ ಅರ್ಜಿ ಟೈಪ್ ಮಾಡಿ, ತಪಾಸಣಿ ಮಾಡಿ ಕಳಿಸೋ ಕೆಲಸ ಸಿಕ್ತು. ಅರ್ಜ್ಯಾಗ ಏನಿರಬೇಕು ಅಂತ ಕಂಪ್ಯೂಟರಿಗೆ ನಿಯಮ ಬರದು ಕೊಡಬೇಕು. ತಪ್ಪಿದ್ದನ್ನ ಅದು ವಾಪಸ್ ಒಗೀತೈತಿ. ಆ ನಿಯಮ ಬರಿಯಾಕ ಎರಡು ಭಾಷೆ ಇದ್ದವು. ಒಂದು ಎಕ್ಸ್‌ಎಂಎಲ್ ಸ್ಕೀಮಾ, ಇನ್ನೊಂದು ರಿಲ್ಯಾಕ್ಸ್ ಎನ್‌ಜಿ.

"ಸರ್, ಎರಡನೇದು ಹಗುರ ಐತ್ರಿ. ಓದಿದ್ರ ತಿಳೀತೈತಿ," ಅಂದ್ಲು ನಮ್ಮ ಟೈಪಿಸ್ಟ್ ಖಾಜಾಬಿ.

"ಎಲ್ಲಾರಿಗೂ ತಿಳಿಯೋ ಹಂಗ ಬರದ್ರ ನಮಗ ಯಾರು ಮರ್ಯಾದಿ ಕೊಡ್ತಾರವಾ?" ಅಂತ ನಕ್ಕು, ದಪ್ಪ ಪುಸ್ತಕ ಇದ್ದ ಸ್ಕೀಮಾನ ಆರಿಸಿದೆ. ಆ ಪುಸ್ತಕದಾಗ ಪೂರಾ ಓದಿದ್ದು ಮುನ್ನುಡಿ ಅಷ್ಟ.

ತರಬೇತಿಯವರು ಕೇಳಿದ್ದು ಹೆಸರು, ಊರು, ವಯಸ್ಸು. ನಾನು ಸ್ವಂತ ಬುದ್ಧಿ ಖರ್ಚು ಮಾಡಿ ಗಂಡನ ಹೆಸರೂ ಕಡ್ಡಾಯ ಮಾಡಿದೆ. ಮ್ಯಾಲೊಂದು ಹುಕುಂ: ಅರ್ಜಿದಾರರು ಬಾಯಿಬಿಟ್ಟು ಹೇಳಿದ್ದಷ್ಟ ಟೈಪ್ ಮಾಡತಕ್ಕದ್ದು, ಒಂದಕ್ಷರ ಹೆಚ್ಚಿಗಿಲ್ಲ!

ಅರ್ಜಿ ಕಳಿಸೋ ಕೊನೇ ದಿನ ಮಧ್ಯಾಹ್ನ ತಪಾಸಣಿ ಹಚ್ಚಿದೆ. ಅರ್ಜಿ ಮ್ಯಾಲ ಅರ್ಜಿ ಫೇಲ್! "ಗಂಡನ ಹೆಸರು ಖಾಲಿ."

"ಏನಿದು ಖಾಜಾಬಿ?"

"ಗಂಡನ ಹೆಸರು ಯಾರು ಹೇಳ್ತಾರ್ರೀ ಸರ್? ಕೇಳಿದ್ರ ಬಾಯಿಗೆ ಸೆರಗು ಹಿಡಕೊಂಡು ನಗ್ತಾರ. ಒಬ್ಬಾಕಿ 'ನಮ್ಮ ಮನ್ಯಾವ್ರು' ಅಂದ್ಲು. ನಿಮ್ಮ ಹುಕುಂ ಪ್ರಕಾರ ಅದನ್ನ ಟೈಪ್ ಮಾಡೇನ್ರಿ."

ಇಡೀ ಕಟ್ಟಿನಾಗ ಪಾಸಾಗಿದ್ದು ಅದೊಂದ ಅರ್ಜಿ!

ಫೇಲಾದವರೊಳಗ ನನ್ನ ಹೆಂಡತಿ ಶಾಂತವ್ವನೂ ಇದ್ಲು. ಹೊಲಿಗಿ ಕಲೀಬೇಕು ಅನ್ನೋದು ಆಕಿ ಮದುವಿ ಮುಂಚಿನ ಆಸೆ. ಸುದ್ದಿ ಕೇಳಿ ಸೆಂಟರಿಗೇ ಬಂದ್ಲು. "ಹೆದರಬ್ಯಾಡ, ನನ್ನ ಹೆಸರು ನಾನ ಟೈಪ್ ಮಾಡ್ತೀನಿ," ಅಂದೆ.

"ನಂದೊಂದು ದಾಟಿಸಿ, ಹನುಮಸಾಗರದಿಂದ ಬಸ್ ಹತ್ತಿ ಬಂದು ಹೋದವರದು ಕಸದಬುಟ್ಟಿಗೆ ಹಾಕ್ತೀರೇನು? ಅವರ ಗಂಡಂದಿರ ಹೆಸರು ನಿಮಗ ಗೊತ್ತೈತೇನು?"

ಗೊತ್ತಿರಲಿಲ್ಲ. ಖರೇನ ನಾಚಿಕಿ ಆತು.

ನಿಯಮ ಸಡಿಲ ಮಾಡಾಕ ಕುಂತೆ. ನಿಯಮದಾಗಿನ ಗಂಡನ ಸಾಲು ಪೂರಾ ಕಿತ್ತು ಒಗೆದೆ, ಅರ್ಜ್ಯಾಗಿನ ಸಾಲು ಹಂಗ ಉಳೀತು. ಇಲ್ಲೀತನಕ "ಗಂಡ ಎಲ್ಲಿ?" ಅಂತಿದ್ದ ಕಂಪ್ಯೂಟರ್ ಈಗ "ಈ ಗಂಡ ಯಾಕ?" ಅಂತು! ಪಾಸಾಗಿದ್ದ ಮನ್ಯಾವ್ರೂ ಫೇಲಾದ್ರು. ದಪ್ಪ ಪುಸ್ತಕ ತಿರುವಿದೆ, ಬೆವರು ಒರೆಸಿಕೊಂಡೆ, ಮುನ್ನುಡಿಯನ್ನ ಮತ್ತೊಮ್ಮೆ ಓದಿದೆ.

"ಸರ್, ಸ್ವಲ್ಪ ಸರೀರಿ," ಅಂದ್ಲು ಖಾಜಾಬಿ. ಆಕಿ ಹಗುರ ಭಾಷೆದಾಗ ನಾಕೈದು ಸಾಲು ಬರದ್ಲು: ಗಂಡನ ಹೆಸರು ಇದ್ರೂ ಸರಿ, ಖಾಲಿ ಇದ್ರೂ ಸರಿ. ಸಂಜಿ ಐದರೊಳಗ ಎಲ್ಲಾ ಅರ್ಜಿ ಪಾಸಾಗಿ ಹೋದವು.

ಶಾಂತವ್ವ ಪರದೆ ಮ್ಯಾಲೆ ತನ್ನ ಅರ್ಜಿ ನೋಡಿದ್ಲು. ಹೆಸರು ಐತಿ, ಊರು ಐತಿ, ವಯಸ್ಸು ಐತಿ. ಗಂಡನ ಜಾಗ ಖಾಲಿ.

"ಈಗ ಏನೂ ಕೊರತಿಲ್ಲ ಅಲ್ರಿ?" ಅಂದ್ಲು.

"ಇಲ್ಲ," ಅಂದೆ. ಮನೀ ಯಜಮಾನ ಅನಿಸಿಕೊಂಡವ ನಾನು ಅದನ್ನ ನನ್ನ ಬಾಯಿಂದನ ಹೇಳಬೇಕಾತು!