ನನ್ನ ಸಹಿ ಇರುವ ತಾರಸಿಗಳು

ಸಂಗತಿಗಳು ಇಷ್ಟು. ಮನೆಗಳ ತಾರಸಿಗೆ ಸಹಾಯಧನದಲ್ಲಿ ಸೌರಫಲಕ ಹಾಕಿಸುವ ಸರ್ಕಾರಿ ಯೋಜನೆಯೊಂದು ಚೆನ್ನೈಯಲ್ಲಿ ನಡೆಯಿತು. ಅದು ವಿಫಲವಾಯಿತು. ಅನೇಕ ತಾರಸಿಗಳಲ್ಲಿ ಫಲಕಗಳಿಲ್ಲ. ಫಲಕಗಳು ಇವೆಯೆಂಬ ಪ್ರಮಾಣಪತ್ರಗಳಿವೆ. ಅವುಗಳ ಕೆಳಗೆ ನನ್ನ ಸಹಿ ಇದೆ. ನಾನು ಚೆನ್ನೈಯ ಕನ್ನಡಿಗ, ಎಂಜಿನಿಯರಿಂಗ್ ಪದವೀಧರ, ಗುತ್ತಿಗೆಯ ತಪಾಸಣೆಗಾರನಾಗಿದ್ದೆ, ಅದು ನನ್ನ ಮೊದಲ ಕೆಲಸ. ಈಗ ಎಗ್ಮೋರಿನಲ್ಲಿ ಬಹಿರಂಗ ವಿಚಾರಣೆ ನಡೆಯುತ್ತಿದೆ.

ವಿಚಾರಣೆ ಎಂದಮೇಲೆ ನಗು ಬರಿಸುವ ಪ್ರಸಂಗಗಳು ಇದ್ದೇ ಇರುತ್ತವೆ. ನನಗೆ ಮಾತ್ರ ನಗು ಬರುವುದಿಲ್ಲ.

ಮೊದಲ ದಿನ

ಕೆಲಸಕ್ಕೆ ಸೇರಿದ ಬೆಳಿಗ್ಗೆಯೇ ನಮ್ಮ ಅಧಿಕಾರಿ ಖಾಲಿ ಪ್ರಮಾಣಪತ್ರಗಳ ಕಟ್ಟೊಂದನ್ನು ಮುಂದಿಟ್ಟು ಎಲ್ಲಕ್ಕೂ ಸಹಿ ಮಾಡಲು ಹೇಳಿದರು. ವಿಳಾಸಗಳನ್ನು ಆಮೇಲೆ ಟೈಪ್ ಮಾಡಿಕೊಳ್ಳುವುದು ಅಲ್ಲಿಯ ಪದ್ಧತಿ. ತಾರಸಿಗಳನ್ನು ನೋಡಿ ಬಂದ ಮೇಲೆ ಮಾಡಬಹುದಲ್ಲವೇ ಎಂದೆ.

"ತಂಬಿ, ನೋಡಿಬಿಟ್ಟರೆ ಸಹಿ ಹಾಕಲು ಕೈ ಬರುವುದಿಲ್ಲ," ಎಂದರು.

ಸಹಿ ಮಾಡಿದೆ. ಬಳಿಕ ಒಂದೊಂದೇ ತಾರಸಿ ಹತ್ತಿ, ಕಂಡದ್ದನ್ನು ಕಂಡಂತೆ ಪುಸ್ತಕದಲ್ಲಿ ಬರೆದು ಕಚೇರಿಗೆ ಒಪ್ಪಿಸಿದೆ. ಆ ಪುಸ್ತಕ ಈಗ ಸಿಗುತ್ತಿಲ್ಲ. ಸಹಿಗಳು ಮಾತ್ರ ಒಂದೂ ಕಳೆದಿಲ್ಲ.

ಪುರಸೈವಾಕ್ಕಂ

ವಿಚಾರಣಾ ಆಯೋಗದ ಕಾರ್ಯದರ್ಶಿ ನನ್ನನ್ನು ಕರೆದುಕೊಂಡು ಸ್ಥಳಪರಿಶೀಲನೆಗೆ ಹೊರಟರು. ಮೊದಲ ಮನೆ ಪುರಸೈವಾಕ್ಕಂ ಬಡಾವಣೆಯಲ್ಲಿ, ಧಾರವಾಡದ ಕಡೆಯ ಅಜ್ಜಿಯೊಬ್ಬರದು. ಅಲ್ಲಿದ್ದ ಒಂದೇ ಫಲಕ ತಂತಿಯಿಲ್ಲದೆ ನೆಲದ ಮೇಲೆ ಮಲಗಿತ್ತು; ಅದರ ತುಂಬ ಸಂಡಿಗೆ. ತಂತಿ ಜೋಡಿಸಲು ಯಾರೂ ಬರಲೇ ಇಲ್ಲ ಎಂದು ಅಜ್ಜಿ ಹೇಳಿದರೆ, ಪುಸ್ತಕದಲ್ಲಿ ನಾನು ಬರೆದದ್ದು ನಿಜವೆಂದಾಗಿ ಬದುಕಿಕೊಳ್ಳುತ್ತಿದ್ದೆ. ಇದರಿಂದ ಉಪಯೋಗವಿದೆಯೇ ಎಂದು ಕಾರ್ಯದರ್ಶಿ ತಮಿಳಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

"ಒಂದ ಬಿಸಲಿಗೆ ಒಣಗತಾವ ನೋಡಪಾ. ಇನ್ನೊಂದು ಕೊಡಸು, ಹಪ್ಪಳಕ್ಕ ಜಾಗಾ ಸಾಲವಲ್ದು."

ಯಥಾವತ್ತಾಗಿ ಅನುವಾದಿಸಿದೆ. ದಾಖಲಾದದ್ದು: ಫಲಾನುಭವಿ ತೃಪ್ತರು; ಹೆಚ್ಚುವರಿ ಫಲಕಕ್ಕೆ ಬೇಡಿಕೆ ಇದೆ.

ಮನೆ

ಸಮನ್ಸ್ ಬಂದ ದಿನ, ಅಣ್ಣನನ್ನು ಜೈಲಿಗೆ ಹಾಕುತ್ತಾರಾ ಎಂದು ತಂಗಿ ತಮಿಳಿನಲ್ಲಿ ಕೇಳಿದಳು. ಅಮ್ಮ ಅವಳನ್ನು ಕನ್ನಡದಲ್ಲಿ ಗದರಿದಳು. ಮರುದಿನ ಕೊರಿಯರ್‌ನವನು ಬಂದ. ನಾನು ಪೆನ್ನು ತೆಗೆದುಕೊಳ್ಳುವಷ್ಟರಲ್ಲಿ ಅಮ್ಮ ಒದ್ದೆ ಕೈಯಲ್ಲೇ ಓಡಿಬಂದು ಅದನ್ನು ಕಿತ್ತುಕೊಂಡಳು.

"ನೀನು ಬೇಡಪ್ಪ. ನಾನೇ ಹಾಕ್ತೀನಿ."

ಸಾಕ್ಷಿ

ವಿಚಾರಣೆ ನಡೆಸುತ್ತಿರುವ ನಿವೃತ್ತ ನ್ಯಾಯಾಧೀಶರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದಿಂದ ಕೇಳಿ, ಹಾಗಾದರೆ ಎಲ್ಲ ತಾರಸಿಗಳನ್ನೂ ಮತ್ತೆ ಪರಿಶೀಲಿಸಿ ವರದಿ ಕೊಡಿ ಎಂದು ಇಲಾಖೆಗೆ ಸೂಚಿಸಿದರು. ಇಲಾಖೆಯಲ್ಲಿ ಸಿಬ್ಬಂದಿಯಿಲ್ಲ, ಅಷ್ಟೂ ಮನೆಗಳನ್ನು ಬಲ್ಲವನು ಒಬ್ಬನೇ ಎಂದು ನಮ್ಮ ಅಧಿಕಾರಿ ನನ್ನತ್ತ ಕೈ ತೋರಿಸಿದರು. ನನ್ನ ಸಹಿ ನಿಜವೋ ಸುಳ್ಳೋ ಎಂದು ತನಿಖೆ ಮಾಡಲು ನನ್ನನ್ನೇ ನೇಮಿಸುವ ಆದೇಶ ಸಿದ್ಧವಾಯಿತು. ನ್ಯಾಯಾಧೀಶರು ಕನ್ನಡಕ ತೆಗೆದು, ಈತ ನಂಬಿಕಸ್ಥನೇ ಎಂದು ಕೇಳಿದರು.

"ತುಂಬ ನಂಬಿಕಸ್ಥ ಅಯ್ಯಾ," ಎಂದರು ಅಧಿಕಾರಿ. "ಈವರೆಗೆ ಒಂದು ತಾರಸಿಯನ್ನೂ ತಿರಸ್ಕರಿಸಿದವನಲ್ಲ."

ಸಭಾಂಗಣ ನಕ್ಕಿತು. ನ್ಯಾಯಾಧೀಶರು ಆದೇಶಕ್ಕೆ ಸಹಿ ಮಾಡಿದರು.

ಫಲಕ ಇಲ್ಲವೆಂದು ಬರೆದರೆ ನನ್ನ ಹಳೆಯ ಸಹಿ ಅಪರಾಧ. ಇದೆಯೆಂದು ಬರೆದರೆ ಹೊಸದು. ಆದ್ದರಿಂದ ಚೆನ್ನೈಯ ಕನ್ನಡಿಗರಲ್ಲಿ ಒಂದು ವಿನಂತಿ. ಇದನ್ನು ನಿಮ್ಮ ಬಂಧುಗಳಿಗೆ, ನೆರೆಯವರಿಗೆ, ಅಪಾರ್ಟ್‌ಮೆಂಟ್ ಗುಂಪುಗಳಿಗೆ ದಾಟಿಸಿ. ನನ್ನ ಸಹಿಯ ಪ್ರಮಾಣಪತ್ರ ಇರುವವರು ತಾರಸಿ ಹತ್ತಿ, ಅಲ್ಲಿ ಏನಿಲ್ಲವೋ ಅದರ ಫೋಟೋ ತೆಗೆದುಕೊಂಡು ವಿಚಾರಣೆಗೆ ಬನ್ನಿ. ನಾನು ಮೊದಲ ಸಾಲಿನಲ್ಲೇ ಕೂತಿರುತ್ತೇನೆ.