ಹೊರಟವರನ್ನು ಎಲ್ಲಿಗೆ ಎನ್ನಬಾರದು

ನಿವೃತ್ತಿಯಾದ ಮೇಲೂ ನೌಕರಿಯದು ಏನಾದರೊಂದು ಮನುಷ್ಯನಲ್ಲಿ ಉಳಿದುಬಿಡುತ್ತದೆ. ಮಾಸ್ತರರಿಗೆ ಗಟ್ಟಿಯಾಗಿ ಮಾತಾಡುವ ಚಟ ಉಳಿಯುತ್ತದೆ, ಪೊಲೀಸರಿಗೆ ಹೊಟ್ಟೆ ಉಳಿಯುತ್ತದೆ. ನನಗೆ ಉಳಿದದ್ದು ಅನುಮಾನ. ನಾನು ಸರಕಾರಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವನಾಗಿದ್ದೆ. ಜಹೀರಾಬಾದಿನಿಂದ ನಾರಾಯಣಖೇಡಕ್ಕೆ, ಇತ್ತ ತಾಂಡೂರಿಗೆ ಹೋಗುವ ದಾರಿಗಳಲ್ಲಿ ಯಾವುದಾದರೂ ತಿರುವಿನ ಬೇವಿನ ಮರದ ಕೆಳಗೆ ನಿಂತು, ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿಬಿಟ್ಟರೆ ಒಳಗಿದ್ದವರ ಮುಖಗಳೇ ನನಗೆ ಎಲ್ಲವನ್ನೂ ಹೇಳಿಬಿಡುತ್ತಿದ್ದವು. ನಿದ್ದೆ ಮಾಡುವವರು ಪಾಪದವರು, ಅವರ ಹತ್ತಿರ ಟಿಕೆಟ್ ಇದ್ದೇ ಇರುತ್ತದೆ. ಇಲ್ಲದವನು ಕಿಟಕಿಯಾಚೆಗಿನ ತೊಗರಿ ಹೊಲವನ್ನು ಜನ್ಮದಲ್ಲೇ ತೊಗರಿ ಕಂಡಿಲ್ಲದವನಂತೆ ನೋಡುತ್ತ ಕೂತಿರುತ್ತಾನೆ, ಆಮೇಲೆ ನಾನು ಮಾತಾಡಿಸುವ ಮೊದಲೇ ನನ್ನತ್ತ ತಿರುಗಿ ನಗುತ್ತಾನೆ. ನಾನು ನೇರವಾಗಿ ಅವನ ಹತ್ತಿರವೇ ಹೋಗಿ ಕೈ ಚಾಚುತ್ತಿದ್ದೆ. ತಪ್ಪಿದ್ದು ಬಹಳ ಕಡಿಮೆ. ಒಮ್ಮೆ ತಾಂಡೂರಿನ ಬಸ್ಸಿನಲ್ಲಿ ಹಾಗೆ ಕಿಟಕಿ ನೋಡಿ ನಕ್ಕ ಹಿರಿಯರೊಬ್ಬರನ್ನು ಎಬ್ಬಿಸಿ ನಿಲ್ಲಿಸಿ, ಮೂರೂ ಜೇಬು ತಡಕಾಡಿಸಿದೆ. ಟಿಕೆಟ್ ಸಿಕ್ಕಿತು. ಹಣೆ ಮುಚ್ಚಿ ಇಳಿದಿದ್ದ ರುಮಾಲು ಸರಿದಾಗ ನೋಡಿದರೆ ನಮ್ಮ ಮಾವನವರು. ಅಳಿಯ ಬಂದನಲ್ಲ ಎಂದು ಸಂತೋಷಕ್ಕೆ ನಕ್ಕಿದ್ದರಂತೆ. ಆ ಸಂಗತಿಯನ್ನು ನನ್ನ ಹೆಂಡತಿ ಜಗದೇವಿ ಇಂದಿಗೂ ಪ್ರತಿ ಹಬ್ಬಕ್ಕೊಮ್ಮೆ ಹೋಳಿಗೆಯ ಜೊತೆ ಬಡಿಸುತ್ತಾಳೆ.

ನಿವೃತ್ತಿಯಾಯಿತು, ಬಸ್ಸುಗಳು ನನ್ನನ್ನು ಬಿಟ್ಟು ಓಡಾಡತೊಡಗಿದವು. ಮಗಳು ಮದುವೆಯಾಗಿ ಬೀದರಿನಲ್ಲಿದ್ದಾಳೆ. ಹೀಗಾಗಿ ನನ್ನ ಅಷ್ಟೂ ಅನುಮಾನಕ್ಕೆ ಉಳಿದ ಪ್ರಯಾಣಿಕಳೆಂದರೆ ಜಗದೇವಿ ಒಬ್ಬಳೇ.

ಮೊದಲು ಶುರುವಾದದ್ದು ಅವಳ ಫೋನಿನ ವಿಡಿಯೋಗಳಿಂದ. ಯಾವುದೋ ತಣ್ಣನೆಯ ದೇಶದ ಗಂಡಹೆಂಡತಿ ಮನೆ ಮಾರಿ ಒಂದು ಹಾಯಿದೋಣಿ ಕೊಂಡು, ಸರೋವರದಿಂದ ಕಾಲುವೆಗೆ, ಕಾಲುವೆಯಿಂದ ಇನ್ನೊಂದು ಸರೋವರಕ್ಕೆ ತಿಂಗಳುಗಟ್ಟಲೆ ಹೋಗುತ್ತಲೇ ಇರುತ್ತಾರೆ. ಗಂಡನಿಗೆ ಬಿಳಿ ಗಡ್ಡ, ಹೆಂಡತಿಗೆ ಹಳದಿ ಟೋಪಿ. ಜಗದೇವಿ ಮಧ್ಯಾಹ್ನ ಊಟವಾದ ಮೇಲೆ ಗೋಡೆಗೆ ಒರಗಿ ಇವರನ್ನು ನೋಡುತ್ತ ಕೂತರೆ ಚಹಾದ ಹೊತ್ತಾದರೂ ಏಳುತ್ತಿರಲಿಲ್ಲ. ನಾನೂ ಹೆಗಲ ಮೇಲಿಂದ ಇಣುಕಿದೆ. ನೋಡಿದಷ್ಟೂ ನನಗೆ ಅನುಮಾನ ಹೆಚ್ಚಾಯಿತು. ದೋಣಿಯಲ್ಲಿ ಇಬ್ಬರೇ ಇದ್ದಾರೆ ಎನ್ನುತ್ತಾರೆ, ಹಾಗಾದರೆ ಅಷ್ಟು ದೂರದ ದಡದಿಂದ ಇವರ ದೋಣಿಯ ಚಿತ್ರ ತೆಗೆದವರು ಯಾರು? ಎರಡನೆಯದಾಗಿ, ಅವರು ಒಮ್ಮೆಯೂ ಜಗಳ ಆಡುವುದಿಲ್ಲ. ಜಹೀರಾಬಾದಿನಲ್ಲಿ ಬಸ್ಸು ಹತ್ತಿದ ಗಂಡಹೆಂಡತಿ ಊರು ದಾಟುವ ಮೊದಲೇ ಕಿಟಕಿ ಸೀಟಿಗಾಗಿ ಮಾತು ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇವರು ತಿಂಗಳುಗಟ್ಟಲೆ ಒಂದೇ ಹಲಗೆಯ ಮೇಲೆ ಕೂತು ನಗುತ್ತಾರೆಂದರೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ. ‘ಇವರು ಗಂಡ ಹೆಂಡ್ತಿ ಅಲ್ಲ ಬಿಡು’ ಎಂದೆ. ಜಗದೇವಿ ಫೋನಿನಿಂದ ತಲೆ ಎತ್ತದೆ, ‘ಅವರ ಟಿಕೆಟ್ ನೋಡ್ತೀರೇನು?’ ಎಂದಳು.

ಆಮೇಲೆ ಅವಳು ಮನೆಯಿಂದ ಹೊರಗೆ ಹೋಗಲು ಶುರುಮಾಡಿದಳು. ವಾರಕ್ಕೊಮ್ಮೆಯಾದರೂ ಬೆಳಿಗ್ಗೆ ಪೂಜೆ ಮುಗಿಸಿ, ರೊಟ್ಟಿ ಬಡಿದಿಟ್ಟು, ಒಂದು ಕೈಚೀಲ ಹಿಡಿದು ಹೊರಟುಬಿಡುತ್ತಿದ್ದಳು. ಎಲ್ಲಿಗೆ ಎಂದು ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಅದೇ ಆಗದ ಮಾತು. ನಮ್ಮ ಕಡೆ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳುವುದು ಅಪಶಕುನ. ಹೋದ ಕೆಲಸ ಕೆಡುತ್ತದೆ. ಬೇಕಾದರೆ ‘ದೂರ ಹೊಂಟೀರಿ?’ ಎನ್ನಬೇಕು. ಅವರು ‘ಇಲ್ಲೇ, ಹೋಗಿ ಬರ್ತೀನ್ರಿ’ ಎನ್ನಬೇಕು. ಹೀಗೆ ಎರಡೂ ಕಡೆಯ ಮರ್ಯಾದೆ ಉಳಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ನಮ್ಮಪ್ಪ ಈ ವಿಷಯದಲ್ಲಿ ಬಹಳ ಬಿಗಿ. ನಾನು ಚಿಕ್ಕವನಿದ್ದಾಗ ಕಲ್ಹೇರಿಗೆ ಎತ್ತು ಕೊಳ್ಳಲು ಹೊರಟ ಕಾಕಾನನ್ನು ಎಲ್ಲಿಗೆ ಎಂದು ಕೇಳಿ ಬೆನ್ನ ಮೇಲೆ ಗುದ್ದು ತಿಂದಿದ್ದೆ. ಕಾಕಾ ಅಂದು ತಂದ ಎತ್ತು ಕುಂಟಿತು, ಅದಕ್ಕೂ ನಾನೇ ಕಾರಣನಾದೆ. ಅಂದಿನಿಂದ ಆ ಪ್ರಶ್ನೆ ನನ್ನ ಬಾಯಿಂದ ಬಂದಿಲ್ಲ. ಬಸ್ಸಿನಲ್ಲಿ ಕೂಡ ಟಿಕೆಟ್ ಕೇಳುತ್ತಿದ್ದೆನೇ ಹೊರತು ಊರು ಕೇಳುತ್ತಿರಲಿಲ್ಲ, ಊರು ಟಿಕೆಟ್ಟಿನಲ್ಲೇ ಇರುತ್ತಿತ್ತು. ಹೀಗಾಗಿ ಬಾಗಿಲಲ್ಲಿ ನಿಂತು ‘ದೂರ ಹೊಂಟಿ?’ ಎನ್ನುತ್ತಿದ್ದೆ. ‘ಇಲ್ಲೇ’ ಎನ್ನುತ್ತಿದ್ದಳು. ಸಂಜೆ ಬರುವಾಗ ಸೀರೆಯ ಅಂಚು ಒದ್ದೆಯಾಗಿರುತ್ತಿತ್ತು.

ಒದ್ದೆಯ ಅಂಚನ್ನಾದರೂ ಸಹಿಸಬಹುದಿತ್ತು. ಒಂದು ದಿನ ಹಗ್ಗದ ಮೇಲೆ ಒಣಹಾಕಿದ್ದ ಅವಳ ಸೀರೆಯ ಹತ್ತಿರ ಹಾದುಹೋದಾಗ ನನ್ನ ಮೂಗಿಗೆ ಮೀನಿನ ವಾಸನೆ ಬಡಿಯಿತು. ಓದುವವರಲ್ಲಿ ಮೀನು ತಿನ್ನುವವರಿದ್ದರೆ ತಪ್ಪು ತಿಳಿಯಬಾರದು. ನಾವು ಲಿಂಗ ಕಟ್ಟಿಕೊಂಡ ಮನೆಯವರು, ನಮ್ಮಲ್ಲಿ ಬೆಳ್ಳುಳ್ಳಿಯೇ ಪರಾಕ್ರಮದ ಊಟ. ಆ ಸೆರಗನ್ನು ಇನ್ನೊಮ್ಮೆ ಮೂಸಿದೆ. ಪಕ್ಕದ ಮನೆಯವರು ಗೋಡೆಯಾಚೆಯಿಂದ ನೋಡುತ್ತಿದ್ದರು, ಅವರು ಏನು ತಿಳಿದರೋ ಗೊತ್ತಿಲ್ಲ. ಹೊರಗೆ ಹೋದ ದಿನ ರಾತ್ರಿ ಅವಳು ಅರ್ಧ ರೊಟ್ಟಿಗೇ ಏಳುತ್ತಿದ್ದುದು ನೆನಪಾಯಿತು. ಲೆಕ್ಕ ಸರಿಹೋಯಿತು. ನನ್ನ ಹೆಂಡತಿ ಈ ವಯಸ್ಸಿನಲ್ಲಿ ಕದ್ದು ಮೀನು ತಿನ್ನುತ್ತಿದ್ದಾಳೆ! ಅಂದು ಊಟಕ್ಕೆ ಕೂತಾಗ ಪರೀಕ್ಷೆಗೆಂದು, ‘ಮೀನ್ದಾಗ ಮುಳ್ಳು ಭಾಳ ಇರ್ತಾವಂತ’ ಎಂದೆ. ‘ಇರ್ತಾವ’ ಎಂದಳು. ಆ ‘ಇರ್ತಾವ’ದಲ್ಲಿ ಅನುಭವ ಇತ್ತು.

ತಡೆಯಲಾಗದೆ ತಾಂಡೂರಿಗೆ, ಅವಳ ತಮ್ಮನಿಗೆ ಫೋನು ಮಾಡಿದೆ. ಅವನದು ಫರಸಿ ಕಲ್ಲಿನ ವ್ಯಾಪಾರ. ತಾಂಡೂರಿನಲ್ಲಿ ನೆಲ, ಗೋಡೆ, ಹೊಲದ ಬೇಲಿ, ದನ ನೀರು ಕುಡಿಯುವ ತೊಟ್ಟಿ ಎಲ್ಲವೂ ಕಲ್ಲು. ಆ ಊರಿನ ಹೆಣ್ಣು ಕಲ್ಲಿನಷ್ಟೇ ನೆಲೆಯಾಗಿರುತ್ತಾಳೆ ಎಂದು ನಂಬಿಯೇ ನಾನು ಮದುವೆಯಾದದ್ದು. ಸುತ್ತಿ ಬಳಸಿ, ‘ನಿಮ್ಮಕ್ಕಗ ನೀರಿನ ಹುಚ್ಚು ಏನಾರ ಇತ್ತೇನಪಾ?’ ಎಂದೆ. ಅವನು ನಕ್ಕುಬಿಟ್ಟ. ‘ಏನ್ ಕೇಳ್ತೀರಿ ಮಾಮಾ! ಕಲ್ಲು ತಗದು ಬಿಟ್ಟ ಖಣ್ಯಾಗ ನೀರು ನಿಂತಿರ್ತಿತ್ತಲ್ರಿ, ನಮಗೆಲ್ಲ ಅದರಾಗ ಈಜು ಕಲಿಸಿದ್ದೇ ಆಕಿ. ನಿಮಗ ಗೊತ್ತಿಲ್ಲೇನು?’ ‘ಗೊತ್ತು ಗೊತ್ತು’ ಎಂದು ಫೋನು ಇಟ್ಟೆ. ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಉಂಡು ಮಲಗಿ ಎದ್ದ ಹೆಂಗಸಿಗೆ ಈಜು ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಮೀನಿಗಿಂತ ಹೆಚ್ಚಾಗಿ ಅಂದು ಅದೇ ನನ್ನನ್ನು ಕೊರೆಯಿತು.

ಕೊನೆಗೆ ಅಕ್ಕಿ ಡಬ್ಬಿಯ ಹಿಂದೆ ಮಡಚಿಟ್ಟಿದ್ದ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಯೂರಿಯಾ ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಸೇರಿಸಿ, ಮಷೀನಿನಲ್ಲಿ ಜೋಡಿ ಹೊಲಿಗೆ ಹಾಕಿದ ಮೂರು ಮೂಲೆಯ ದೊಡ್ಡ ಬಟ್ಟೆ. ಮೂಲೆಗಳಲ್ಲಿ ಹಗ್ಗಕ್ಕೆ ತೂತು. ಡೇರೆ ಎಂದುಕೊಂಡೆ. ಅಡುಗೆಮನೆಯ ನೆಲದ ಮೇಲೆ ಹಾಸಿ, ಅದರ ಕೆಳಗೆ ನಾನೇ ತೂರಿ ಮಲಗಿ ನೋಡಿದೆ. ಒಬ್ಬರಿಗೆ ಸರಿಯಾಗುತ್ತಿತ್ತು, ಇಬ್ಬರಿಗೆ ಸಾಲುತ್ತಿರಲಿಲ್ಲ. ಯೂರಿಯಾ ಚೀಲದ ಕೆಳಗೆ ಮಲಗಿಕೊಂಡೇ ನನಗೆ ಎಲ್ಲ ಅರ್ಥವಾಯಿತು. ಜಗದೇವಿ ನನ್ನನ್ನು ಬಿಟ್ಟು ಎಲ್ಲಿಗೋ ಹೋಗುವವಳಿದ್ದಾಳೆ. ಮೀನು ತಿಂದರೆ ತಿನ್ನಲಿ ಬಿಡು, ಮನೆಯಲ್ಲೇ ಇದ್ದು ತಿನ್ನಲಿ ಎನಿಸಿತು.

ಮುಂದಿನ ಸಲ ಅವಳು ಆ ಗಂಟನ್ನೇ ಹಿಡಿದು ಹೊರಟಳು. ನಾನು ತಲೆಗೆ ಟವೆಲ್ ಸುತ್ತಿಕೊಂಡು ಹಿಂದೆ ಬಿದ್ದೆ. ರಾಯಿಕೋಡಿನ ಬಸ್ಸಿನಲ್ಲಿ ಅವಳು ಮುಂದೆ, ನಾನು ಕೊನೆಯ ಸೀಟಿನಲ್ಲಿ. ಕಂಡಕ್ಟರ್ ನನ್ನ ಕಾಲದ ಹುಡುಗ, ನನ್ನ ಗುರುತು ಹಿಡಿದು ಹೆದರಿಬಿಟ್ಟ. ನಿವೃತ್ತಿಯಾದ ಮೇಲೂ ಗುಪ್ತ ತಪಾಸಣೆಗೆ ಕಳಿಸಿದ್ದಾರೆಂದು ತಿಳಿದು, ಕಂಕುಳ ಕೂಸಿಗೂ ಟಿಕೆಟ್ ಬೇಕೇನೋ ಎಂಬಂತೆ ಎಲ್ಲರನ್ನೂ ಎರಡೆರಡು ಸಲ ಕೇಳುತ್ತ ಬಂದ. ನಾನು ಕಿಟಕಿಯಾಚೆ ನೋಡುತ್ತ ಕೂತೆ. ರಾಯಿಕೋಡು ಬರುವ ಮೊದಲೇ ಒಂದು ಹಳ್ಳಿಯಲ್ಲಿ ಜಗದೇವಿ ಇಳಿದಳು. ಹತ್ತಿ ಹೊಲದ ನಡುವಿನ ಕಾಲುದಾರಿ ಹಿಡಿದು ಹೋದರೆ ಸಿಂಗೂರು ಅಣೆಕಟ್ಟಿನ ಹಿನ್ನೀರು, ಮಂಜೀರಾ ನದಿ ಊರಗಲ ಹರಡಿಕೊಂಡು ನಿಂತ ನೀರು. ದಡದಲ್ಲಿ ಡಾಂಬರು ಬಳಿದ ಒಂದು ದೋಣಿ. ಅದರಲ್ಲಿ ಮೀನು ಹಿಡಿಯುವ ಗಂಡಹೆಂಡತಿ, ಪೋಚಯ್ಯ ಮತ್ತು ಸಾಯಮ್ಮ. ಹೆಸರು ಆಮೇಲೆ ತಿಳಿದದ್ದು. ನಾನು ಜಾಲಿ ಗಿಡದ ಹಿಂದೆ ಅಡಗಿ ನೋಡುತ್ತಿದ್ದಂತೆ ಜಗದೇವಿ ಸೀರೆ ಮೇಲಕ್ಕೆ ಸಿಕ್ಕಿಸಿ, ಬಲೆಯ ರಾಶಿಯ ಮೇಲೆ ಕೂತು, ಹಗ್ಗ ಜಗ್ಗಿದಳು. ನನ್ನ ಡೇರೆ ಬಿದಿರಿನ ಗಳದ ಮೇಲೆ ಏರಿತು, ಯೂರಿಯಾ ಎಂಬ ಅಕ್ಷರಗಳು ತಲೆಕೆಳಗಾಗಿ ಗಾಳಿ ತುಂಬಿಕೊಂಡವು. ದೋಣಿ ದಡ ಬಿಟ್ಟಿತು. ಹೋಗಿಯೇಬಿಡುತ್ತಾಳೆ ಎನಿಸಿ, ಗಿಡದ ಹಿಂದಿನಿಂದ ಓಡಿ ಬಂದು ಕೂಗಿದೆ:

‘ಏ ಜಗದೇವಿ, ಎಲ್ಲಿಗ್ ಹೊಂಟಿ?’

ಪೋಚಯ್ಯ ತಲೆಯ ಮೇಲೆ ಕೈ ಹೊತ್ತ. ‘ಅಯ್ಯೋ ಸಾಬ್, ಎಲ್ಲಿಗಂತ ಕೇಳಿಬಿಟ್ರೆಲ್ಲ! ಇವತ್ತ ಗಾಳಿ ಬಿತ್ತು ತಿಳೀರಿ.’ ಹಾಗೆ ಕೇಳಿದರೆ ಹೊರಟವರು ತಿರುಗಿ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ದೋಣಿ ತಿರುಗಿತು. ಜಗದೇವಿ ಇಳಿದು ಬಂದು ದಡದ ಕಲ್ಲಿನ ಮೇಲೆ ಕೂತಳು. ಸಾಯಮ್ಮ ತಂಬಿಗೆಯಲ್ಲಿ ನೀರು ಕೊಟ್ಟು, ‘ಕುಂದರ್ರಿ ಬಾವಾ, ನೀವೂ ಕುಡೀರಿ’ ಎಂದಳು.

ನಾನು ನೀರು ಕುಡಿದು ಮೊದಲು ಕೇಳಿದ್ದು, ‘ನೀ ಮೀನ್ ತಿಂತೀಯೇನು?’ ಎಂದು. ಸಾಯಮ್ಮ ನಕ್ಕ ರಭಸಕ್ಕೆ ತಂಬಿಗೆ ಉರುಳಿತು. ಜಗದೇವಿ ನಗಲಿಲ್ಲ. ‘ಬಲೆ ಮ್ಯಾಲ ಕುಂತ್ರ ಮಲ್ಲಿಗಿ ವಾಸನಿ ಬರ್ತದೇನ್ರಿ? ಸಾಯಮ್ಮಗ ಗಾಳಿ ಹಿಡಿಯೋ ಬಟ್ಟಿ ಹೊಲಿದು ಕೊಟ್ಟೀನಿ, ಆಕಿ ನನಗ ದೋಣಿ ನಡಸಾಕ ಕಲಸ್ಯಾಳ. ಹಸಿವಾದ್ರ ಆಕಿ ಜ್ವಾಳದ ರೊಟ್ಟಿ, ಪುಂಡಿಪಲ್ಲೆ ಕೊಡ್ತಾಳ. ನೀವು ಟವೆಲ್ ಸುತ್ಕೊಂಡು ಬಸ್ಸಿನ್ಯಾಗ ಕುಂತಿದ್ದು ನನಗ ಕಂಡದ. ಆ ಟವೆಲ್ ದಿನಾ ಒಗಿಯೋಳು ನಾನೇ.’

‘ಮತ್ತ ನನಗ ಯಾಕ ಹೇಳಲಿಲ್ಲ?’

‘ನೀವ್ ಯಾಕ ಕೇಳಲಿಲ್ಲ?’

‘ಹೊರಟವರಿಗೆ ಕೇಳಬಾರ್ದಲ್ಲ. ಅಪಶಕುನ.’

ಜಗದೇವಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ‘ಹೋಗೋಮುಂದ ಕೇಳಬಾರ್ದು, ಖರೆ ಅದ. ಬಂದ್ ಮ್ಯಾಲ ಎಲ್ಲಿಗ್ ಹೋಗಿದ್ದಿ ಅಂತ ಕೇಳಾಕ ಯಾವ ಶಕುನ ಅಡ್ಡ ಬಂದಿತ್ರಿ?’

ಬಸ್ಸಿನಲ್ಲಿ ಜೇಬು ತಡಕಾಡುವವರನ್ನು ಸಾಕಷ್ಟು ನೋಡಿದ್ದೇನೆ, ಆಗ ನಾನೂ ಸುಮ್ಮನೆ ಅಂಗಿಯ ಜೇಬಿಗೆ ಕೈ ಹಾಕಿ ತೆಗೆದೆ. ಈ ಎಲ್ಲ ವರ್ಷಗಳಲ್ಲಿ ಅವಳು ತವರಿಗೆ ಹೋಗಿ ಬಂದಿದ್ದಾಳೆ, ಆಸ್ಪತ್ರೆಗೆ ಹೋಗಿ ಬಂದಿದ್ದಾಳೆ, ಸತ್ತವರ ಮಣ್ಣಿಗೆ ಹೋಗಿ ಅತ್ತು ಬಂದಿದ್ದಾಳೆ. ಬಂದ ಮೇಲೆ ನಾನು ಕೇಳಿದ್ದು ಚಹಾ. ಬಹಳ ನಾಚಿಕೆಯಾಯಿತು. ಆದರೂ ಅನುಮಾನದ ಬಾಯಿ ಮುಚ್ಚುವುದಿಲ್ಲವಲ್ಲ. ‘ಆ ಫೋನಿನ ಮಂದಿಯಂಗ ದೂರ ಹೋಗಬೇಕಂತ ಮಾಡಿದ್ದಿ, ಹೌದಿಲ್ಲೋ? ನನ್ನ ಬಿಟ್ಟು?’ ಎಂದೆ.

‘ನೀವು ಕೇಳಿದ್ರ ನಿಮ್ಮನ್ನ ಕರ್ಕೊಂಡು ಹೋಗಬೇಕಂತ ಮಾಡಿದ್ದೆ.’

‘ಕೇಳದಿದ್ರ?’

‘ಸಾಯಮ್ಮ ಅದಾಳಲ್ಲ.’

ಅಂದು ಪೋಚಯ್ಯ ಹೇಳಿದಂತೆ ಗಾಳಿ ಬಿದ್ದೇಹೋಯಿತು. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಮನೆಗೆ ಬಂದೆವು. ಕಿಟಕಿ ಅವಳಿಗೆ ಬಿಟ್ಟುಕೊಟ್ಟೆ.

ದೀಪಾವಳಿ ಕಳೆದು ನೀರು ತುಂಬಿ ನಿಂತಾಗ ನಾವು ಹೊರಟೆವು. ಹಿನ್ನೀರಿನ ಅಂಚು ಹಿಡಿದು, ದಡದ ಊರುಗಳಲ್ಲಿ ತಂಗುತ್ತ, ಒಂದು ಕಾಲುವೆಗೆ ಇಳಿದು, ಅದು ಮುಟ್ಟಿಸುವ ಕೆರೆಯವರೆಗೆ. ನಮಗೆ ಅದೇ ದೊಡ್ಡ ಯಾನ. ತಮ್ಮ ದೋಣಿ ನಮಗೆ ಕೊಟ್ಟು ಸಾಯಮ್ಮ ಮತ್ತು ಪೋಚಯ್ಯ ಇನ್ನೊಂದು ದೋಣಿಯಲ್ಲಿ ಹಿಂದೆ. ನನಗೆ ಈಜು ಬಾರದ್ದರಿಂದ ಜಗದೇವಿ ನನ್ನ ಸೊಂಟಕ್ಕೆ ಟ್ರ್ಯಾಕ್ಟರ್ ಟ್ಯೂಬು ಕಟ್ಟಿದಳು, ಕೊರಳಿನ ಲಿಂಗದ ದಾರಕ್ಕೆ ಇನ್ನೊಂದು ಗಂಟು ಬಿಗಿದಳು. ಅವಳು ಚುಕ್ಕಾಣಿಗೆ, ನಾನು ಎಣ್ಣೆ ಡಬ್ಬಿ ಹಿಡಿದು ದೋಣಿಯೊಳಗೆ ಬಂದ ನೀರು ಹೊರಗೆ ಚೆಲ್ಲುವುದಕ್ಕೆ. ಜಗಳವೋ, ಹೇಳತೀರದು. ‘ಆ ಕಡಿ ಸರೀರಿ’ ಎಂದರೆ ನಾನು ಈ ಕಡೆ ಸರಿಯುತ್ತಿದ್ದೆ. ಕಾಲುವೆಯ ಸೇತುವೆಯ ಕೆಳಗೆ ಗಳ ಇಳಿಸುವುದು ಮರೆತು ಒಂದು ಮಧ್ಯಾಹ್ನವೆಲ್ಲ ಮಾತು ಬಿಟ್ಟಿದ್ದೆವು. ದಡದಲ್ಲಿ ಬಟ್ಟೆ ಒಗೆಯುವವರು ‘ದೂರ ಹೊಂಟೀರಿ?’ ಎಂದರೆ ಜಗದೇವಿ ‘ಹೂಂ, ಭಾಳ ದೂರ’ ಎನ್ನುತ್ತಿದ್ದಳು. ಅವಳ ಬಾಯಲ್ಲಿ ‘ಇಲ್ಲೇ’ ಅಲ್ಲದ ಉತ್ತರ ನಾನು ಕೇಳಿದ್ದು ಅದೇ ಮೊದಲು. ಸಂಜೆ ದೋಣಿ ಕಟ್ಟಿದ ಮೇಲೆ ನಾನು, ‘ಇವತ್ತ ಎಲ್ಲೆಲ್ಲಿ ಹೋಗಿದ್ದಿ?’ ಎಂದು ಕೇಳುತ್ತಿದ್ದೆ. ‘ನೀವೂ ಕೂಡೇ ಇದ್ರೆಲ್ಲ’ ಎಂದು ಬೈದರೂ ಎಲ್ಲವನ್ನೂ ಮೊದಲಿನಿಂದ ಹೇಳುತ್ತಿದ್ದಳು.

ಹಿಂದಿನ ದೋಣಿಯಿಂದ ಸಾಯಮ್ಮ ಫೋನಿನಲ್ಲಿ ವಿಡಿಯೋ ತೆಗೆದಳು. ದೂರದಿಂದ ತೆಗೆಯುವವರು ಯಾರು ಎಂಬ ನನ್ನ ಹಳೆಯ ಅನುಮಾನ ಅಲ್ಲಿಗೆ ಬಗೆಹರಿಯಿತು. ಬೀದರಿನ ಮಗಳು ಅದನ್ನು ನೋಡಿ, ‘ಅಪ್ಪಾ, ಎಷ್ಟು ಛಂದ ಕುಂತೀರಿ ಇಬ್ಬರೂ! ಒಂದು ಜಗಳಿಲ್ಲ, ಏನಿಲ್ಲ’ ಎಂದಳು. ನಾನು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದೆ. ಜಗದೇವಿ ಚುಕ್ಕಾಣಿ ಹಿಡಿದು ಮುಂದಿನ ನೀರನ್ನೇ ನೋಡುತ್ತಿದ್ದಾಳೆ, ಚಿತ್ರದ ಪರಿವೆಯೇ ಅವಳಿಗಿಲ್ಲ. ಅವಳ ಪಕ್ಕದಲ್ಲಿ ಟ್ಯೂಬು ಕಟ್ಟಿಕೊಂಡ ಮುದುಕನೊಬ್ಬ ಜನ್ಮದಲ್ಲೇ ನೀರು ಕಂಡಿಲ್ಲದವನಂತೆ ಹೊರಗೆ ನೋಡುತ್ತ ಕೂತಿದ್ದಾನೆ, ಆಮೇಲೆ ಯಾರೂ ಮಾತಾಡಿಸುವ ಮೊದಲೇ ಇತ್ತ ತಿರುಗಿ ನಗುತ್ತಾನೆ. ನನ್ನ ಕಾಲದಲ್ಲಾಗಿದ್ದರೆ, ಇಂಥವನು ಕೂತ ಬಸ್ಸಿನಲ್ಲಿ ಟಿಕೆಟ್ ಕೇಳಲು ನಾನು ಬೇರೆ ಯಾರ ಹತ್ತಿರವೂ ಹೋಗುತ್ತಿರಲಿಲ್ಲ.