ಟವೆಲಿನಲ್ಲಿ ಸುತ್ತಿದ ಕಲ್ಲಂಗಡಿ

ಮಗು ಎತ್ತಿಕೊಳ್ಳುವುದೆಲ್ಲ ತನಗೊಂದು ಲೆಕ್ಕವೇ ಅಲ್ಲ ಎಂದು ಗಾಜಣ್ಣ ಬೀದಿಗೆಲ್ಲ ಸಾರಿಬಿಟ್ಟಿದ್ದ. ಗಾಜಿನ ಅಂಗಡಿ ಇಟ್ಟು ಜನರ ಬಾಯಲ್ಲಿ ಗಾಜಣ್ಣನಾದವನು ಅವನು. ಆಳೆತ್ತರದ ಗಾಜನ್ನು ಹಿಡಿದು, ಇಕ್ಕಟ್ಟಿನ ಮೆಟ್ಟಿಲು ಹತ್ತಿ, ಕಿಟಕಿಗೆ ಕೂರಿಸಿ, ಬೆವರನ್ನೂ ಒರೆಸಿಕೊಳ್ಳದೆ ಇಳಿದು ಬರುವ ವೀರ! ಅವನ ಕೈಯಿಂದ ಇದುವರೆಗೆ ಒಂದು ಚೂರು ಗಾಜೂ ಜಾರಿದ್ದಿಲ್ಲ. ಅಂಥ ಕೈಗೆ ಮೊಳದುದ್ದದ ಮಗು ಒಂದು ಭಾರವೇ?

ಆದರೆ ಹೆಂಡತಿಯ ಹೊಟ್ಟೆ ಮುಂದೆ ಬಂದಷ್ಟೂ ವೀರನ ಧೈರ್ಯ ಹಿಂದೆ ಸರಿಯಿತು. ಗಾಜಿಗೆ ಅಂಚಿದೆ, ಮೂಲೆಯಿದೆ. ಮಗುವನ್ನು ಹಿಡಿಯುವುದೆಲ್ಲಿ? ಮೇಲಾಗಿ ಗಾಜು ಒದೆಯುವುದಿಲ್ಲ.

ಯಾವುದಕ್ಕೂ ಇರಲಿ ಎಂದು ಒಂದು ಕಲ್ಲಂಗಡಿ ತಂದು, ಟವೆಲಿನಲ್ಲಿ ಸುತ್ತಿ, ತೋಳಲ್ಲಿಟ್ಟುಕೊಂಡು ಅಂಗಡಿಯಲ್ಲೇ ಅಭ್ಯಾಸ ಶುರು ಮಾಡಿದ. ಗಿರಾಕಿಗಳು ಬಗ್ಗಿ ಇಣುಕಿ, ಗಂಡೋ ಹೆಣ್ಣೋ ಎಂದು ಕೇಳಲು ಬಾಯಿ ತೆರೆದವರು, ಹಸಿರು ಬಣ್ಣ ಕಂಡು ಹಾಗೇ ಮುಚ್ಚಿಕೊಂಡರು. ದಿನಗಳೆದಂತೆ ತೋಳಿಗೆ ಹದ ಹತ್ತಿತು, ಎದೆ ಮತ್ತೆ ಉಬ್ಬಿತು. ಆ ವೇಳೆಗೇ, ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲಿ ನಿಂತಿರುವಾಗಲೇ, ಗೋಡೆಗೆ ಒರಗಿಸಿಟ್ಟಿದ್ದ ಕನ್ನಡಿಯೊಂದು ಜಾರಿತು. ಗಾಜಣ್ಣ ಮಿಂಚಿನಂತೆ ಹಾರಿ ಎರಡೂ ಕೈಯಲ್ಲಿ ಅದನ್ನು ಹಿಡಿದುಬಿಟ್ಟ. ಒಂದು ಗೀರೂ ಬೀಳಲಿಲ್ಲ.

ಎರಡೂ ಕೈ! ಕಲ್ಲಂಗಡಿ ನೆಲದ ಮೇಲೆ ಕೆಂಪಗೆ ಬಾಯಿ ಬಿಟ್ಟುಕೊಂಡಿತ್ತು.

ಹೆಂಡತಿ ಹಣ್ಣನ್ನು ನೋಡಿದಳು. ಕನ್ನಡಿಯನ್ನು ನೋಡಿದಳು. ಅದರೊಳಗೆ ಕಂಡ ತನ್ನ ಹೊಟ್ಟೆಯನ್ನೂ ನೋಡಿದಳು.

"ಸದ್ಯ, ಕನ್ನಡಿಗೇನೂ ಆಗ್ಲಿಲ್ವಲ್ಲ ರೀ" ಎಂದಳು.

ಆ ಮಧ್ಯಾಹ್ನ ಅವನು ಊಟದ ಡಬ್ಬಿ ಬದಿಗಿಟ್ಟು ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿದ. ಕೈ ಜಾರಿದ್ದರೆ ಗಟ್ಟಿಯಾಗಿ ಹಿಡಿಯಬಹುದಿತ್ತು. ಇದು ಜಾರಿದ್ದಲ್ಲ, ತನ್ನನ್ನು ಒಂದು ಮಾತೂ ಕೇಳದೆ ಕೈ ಮಗುವನ್ನು ಬಿಟ್ಟು ಗಾಜಿನ ಪಾಲಾಗಿತ್ತು. ಮಗು ಹುಟ್ಟಿದ ಮೇಲೆ ತಾನು ದೂರ ನಿಂತು ನೋಡುತ್ತೇನೆ, ಎತ್ತಿಕೊಳ್ಳುವುದೆಲ್ಲ ಅವಳದೇ ಎಂದು ಸಂಜೆ ಹೆಂಡತಿಗೆ ಹೇಳಿ ನೋಡಿದ.

"ಅದೆಲ್ಲ ಆಗಲ್ಲ. ಅಪ್ಪ ಅಂದ್ರೆ ಬೇಲಿ ಆಚೆ ನಿಂತು ನೋಡೋದಾ? ಇನ್ನೊಂದು ಹಣ್ಣು ತನ್ನಿ."

ಹೀಗೆ ಮನೆಯಲ್ಲಿ ಪಾಠ ಆರಂಭವಾಯಿತು. ಗಾಜಣ್ಣ ಹೊಸ ಕಲ್ಲಂಗಡಿಯನ್ನು ಅಪ್ಪಿಕೊಂಡು ಕೂರುವುದು. ಹೆಂಡತಿ ಹೇಳದೆ ಕೇಳದೆ ಪಿಂಗಾಣಿ ಸಾಮಾನೊಂದನ್ನು ಬೀಳಿಸುವುದು. ಅವನು ಕದಲಬಾರದು! ಮೊದಲ ಕಪ್ಪಿಗೇ ಹಣ್ಣು ಮಂಚದ ಕೆಳಗೆ ಉರುಳಿತು. ಗಂಡನ ತಂಗಿ ಕೊಟ್ಟಿದ್ದ, ಎಂದೂ ತನಗೆ ಹಿಡಿಸದ ಹೂವಿನ ಕಪ್ಪುಗಳನ್ನೇ ಹೆಂಡತಿ ಆರಿಸಿ ಆರಿಸಿ ಬೀಳಿಸಿದಳು. ಅವು ಮುಗಿಯುವ ಹೊತ್ತಿಗೆ ಅವಳ ಮುಖಕ್ಕೆ ವಿಶೇಷ ಕಳೆ ಬಂದಿತ್ತು. ಗಂಡನ ಕೈ ಮಾತ್ರ ಇನ್ನೂ ತುಡಿಯುತ್ತಲೇ ಇತ್ತು.

ಸದ್ದು ಕೇಳಿ ಕೆಳಮನೆಯ ಟೈಲರ್ ಓಡಿ ಬಂದರು. ಬಸುರಿ ಹೆಂಗಸಿನ ಮುಂದೆ ಹೀಗಾ ಸಾಮಾನು ಒಡೆಯೋದು ಎಂದು ತರಾಟೆಗೆ ತೆಗೆದುಕೊಂಡರು. ಒಡೆದದ್ದು ತಾನಲ್ಲ, ಅವಳು ಎಂದು ಗಾಜಣ್ಣ ತಡವರಿಸಿದ. ಟೈಲರ್ ಚೂರುಗಳನ್ನು ನೋಡಿದರು, ಹಣ್ಣನ್ನು ತಬ್ಬಿ ಕೂತವನನ್ನು ನೋಡಿದರು, ಅವರ ದನಿ ತಟ್ಟನೆ ಇಳಿಯಿತು.

"ನಮ್ಮನೇಲೂ ಹಿಂಗೇ ಇತ್ತಪ್ಪಾ. ತಡ್ಕೋ."

ಒಂದು ಬೆಳಿಗ್ಗೆ ಹೆಂಡತಿಯ ಕೈಯಿಂದ ದೊಡ್ಡ ತಟ್ಟೆ ಬಿದ್ದು ಚೂರಾಯಿತು. ಗಾಜಣ್ಣನ ಕೈ ಅಲುಗಲಿಲ್ಲ, ರೆಪ್ಪೆಯೂ ಅಲುಗಲಿಲ್ಲ! ರಾಜ್ಯ ಗೆದ್ದವನಂತೆ ಹೇಳಿದ:

"ನೋಡಿದ್ಯಾ? ಗಟ್ಟಿಯಾಗಿ ಕೂತಿದೀನಿ."

ಹೆಂಡತಿ ಗೋಡೆ ಹಿಡಿದು ನಿಂತಿದ್ದಳು. "ಇದು ಪಾಠ ಅಲ್ಲ ರೀ. ನೋವು ಬರ್ತಿದೆ. ಗಾಡಿ ಕರೀರಿ."

ಗಾಡಿ ಬಂತು. ಆಸ್ಪತ್ರೆಯೂ ಬಂತು. ಆ ಗಡಿಬಿಡಿಯಲ್ಲಿ ಕಲ್ಲಂಗಡಿ ಗಾಡಿಯಲ್ಲೇ ಉಳಿದು ಎಲ್ಲಿಗೋ ಹೊರಟುಹೋಯಿತು. ಹೊರಗಿನ ಬೆಂಚಿನ ಮೇಲೆ ಗಾಜಣ್ಣ ಎರಡೂ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, ಒಳಗಿನ ಪ್ರತಿ ಸದ್ದಿಗೂ ಬೆಚ್ಚುತ್ತ ಕೂತ.

ಕೊನೆಗೆ ನರ್ಸಮ್ಮ ಬಿಳಿ ಬಟ್ಟೆಯ ಗಂಟಿನೊಂದಿಗೆ ಬಂದು, ಹೆಣ್ಣು ಮಗು, ತಾಯಿಯೂ ಕ್ಷೇಮ ಎಂದರು. ಅವನು ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಸರಿದ.

"ಸಿಸ್ಟರ್, ನನ್ನ ಕೈ ನಂಬೋ ಹಾಗಿಲ್ಲ. ನಮ್ಮತ್ತೆ ಬರ್ತಿದಾರೆ, ಅವರಿಗೆ ಕೊಡಿ."

ಇಂಥ ಎಷ್ಟು ಗಂಡಸರನ್ನು ಕಂಡಿದ್ದರೋ, ನರ್ಸಮ್ಮ ಮಗುವನ್ನು ಸೀದಾ ಅವನ ತೋಳಿಗಿಟ್ಟು ಹೊರಟುಹೋದರು. ಮಗು ಆಕಳಿಸಿತು. ಬೆಚ್ಚಗಿನ ಪುಟ್ಟ ತಲೆ ಅವನ ಮೊಣಕೈ ಮಡಿಕೆಯಲ್ಲಿ ತಾನೇ ಜಾಗ ಹುಡುಕಿಕೊಂಡಿತು. ಗಾಜಣ್ಣ ಉಸಿರು ಬಿಗಿಹಿಡಿದು ನಿಂತ.

ಅತ್ತೆ ಬಂದು ಕೈ ಚಾಚಿದರು. ಅವನು ಕೊಡಲಿಲ್ಲ. ನರ್ಸಮ್ಮ ಮರಳಿ ಬಂದು ಕೇಳಿದರು. ಕೊಡಲಿಲ್ಲ. ಅವರಿಬ್ಬರೂ ಅವನನ್ನು ಭುಜ ಹಿಡಿದು ಹೆಂಡತಿಯ ಮಂಚದ ಬಳಿಗೆ ನಡೆಸಿಕೊಂಡು ಹೋದರು.

"ಮಗೂಗೆ ಹಾಲು ಕುಡಿಸ್ಬೇಕು, ಕೊಡ್ರೀ" ಎಂದಳು ಹೆಂಡತಿ.

ಗಾಜಣ್ಣನ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಕೊಡ್ತೀನಿ ಕಣೇ. ಮೊದ್ಲು ಯಾವ ಕೈ ಬಿಡ್ಬೇಕು, ಅದನ್ನ ಹೇಳು."